ಗದೆ ಹಿಡಿದ ಊರಿನಲ್ಲಿ ಗೇಮಿನ ಕಾಳಗ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ರಾತ್ರಿ ಊಟವಾದ ಮೇಲೆ ಶುರುವಾದರೆ ಗದಾಯುದ್ಧದ ಸೀನಿಗೆ ಬರುವಾಗ ಕೋಳಿ ಕೂಗುವ ಹೊತ್ತು. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಾರೆ. ಹಿರಿಯರು ಕಂಬಳಿ ಹೊದ್ದು ಕೂತಿರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಏರಿಸಿ, ಭೀಮನೂ ದುರ್ಯೋಧನನೂ ಗದೆ ಹೊತ್ತು ಎದುರುಬದುರಾದಾಗ ಮಲಗಿದ್ದ ಮಕ್ಕಳನ್ನು ತಟ್ಟಿ ಎಬ್ಬಿಸುತ್ತಾರೆ. ಗೆಲ್ಲುವವನು ಯಾರೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಕಣ್ಣುಜ್ಜಿಕೊಂಡು ನೋಡುತ್ತಾರೆ. ಸವಾಲು ಹೇಗೆ ಹಾಕಿದ, ಹೆಜ್ಜೆ ಹೇಗೆ ಇಟ್ಟ, ಏಟನ್ನು ಹೇಗೆ ತಪ್ಪಿಸಿಕೊಂಡ ಎಂಬುದನ್ನು ಮಾರನೆಯ ದಿನ ಅರಳಿಕಟ್ಟೆಯಲ್ಲಿ ಕೂತು ವಿಮರ್ಶೆ ಮಾಡುತ್ತಾರೆ.

ಅದೇ ಊರುಗಳ ಹುಡುಗರು ಈಗ ಇನ್ನೊಂದು ಬಗೆಯ ಕಾಳಗಕ್ಕೆ ನಿದ್ದೆಗೆಡುತ್ತಿದ್ದಾರೆ. ತುಮಕೂರಿನ ಬಸ್ ನಿಲ್ದಾಣದಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಅಂಗಡಿ ಜಗಲಿಯಲ್ಲಿ ಕೂತವರ ಕೈಯಲ್ಲಿ ಫೋನು ಅಡ್ಡ ತಿರುಗಿರುತ್ತದೆ. ‘ಮಗಾ, ಕವರ್ ಕೊಡು’, ‘ಒಬ್ಬ ನಾಕ್ ಆದ, ಇನ್ನೊಬ್ಬ ಮನೆ ಹಿಂದಿದ್ದಾನೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆಡದೆ ಇರುವವರು ಬೇರೆಯವರು ಆಡುವುದನ್ನು ಯೂಟ್ಯೂಬ್ ಲೈವಿನಲ್ಲಿ ನೋಡುತ್ತಿರುತ್ತಾರೆ. ಆಡುವುದಾದರೂ ಸರಿ, ಇನ್ಯಾರೋ ಆಡುವುದನ್ನು ಗಂಟೆಗಟ್ಟಲೆ ನೋಡುವುದೇಕೆ ಎಂದು ಮನೆಯವರು ಗದರುತ್ತಾರೆ. ರಾತ್ರಿಯಿಡೀ ಕೂತು ಕುರುಕ್ಷೇತ್ರ ನೋಡಿದ ಜಿಲ್ಲೆಗೆ ಇದರ ಉತ್ತರ ಗೊತ್ತಿರಬೇಕು. ಇಬ್ಬರು ಸಮಬಲರು ಒಂದು ನಿಯಮಕ್ಕೆ ಒಪ್ಪಿ ಎದುರಾಗುವುದನ್ನು ನೋಡುವ ಆಸೆ ಮನುಷ್ಯನಿಗೆ ಬಹಳ ಹಳೆಯದು.

ಈ ಹೊಸ ರಂಗದಲ್ಲಿ ಮೂರು ಬಗೆಯ ಜನರಿದ್ದಾರೆ: ಆಟ ತಯಾರಿಸುವವರು, ಆಡಿ ತೋರಿಸುವ ಸ್ಟ್ರೀಮರ್‌ಗಳು, ನೋಡುವವರು. ಹೊಸ ಆಟ ಬರುವಾಗ ತಯಾರಕರೇ ಸ್ಟ್ರೀಮರ್‌ಗಳ ಎದುರು ಕೂತು, ‘ನಮ್ಮ ಆಟದ ಕಾಳಗ ಹೀಗಿದೆ, ನೋಡಿ’ ಎಂದು ಲೈವ್ ಆಡಿ ತೋರಿಸುವುದು ಜಗತ್ತಿನೆಲ್ಲೆಡೆ ರೂಢಿಗೆ ಬಂದಿದೆ. ನಮ್ಮ ಹುಡುಗರು ನೋಡುವ ಸಾಲಿನಲ್ಲಿದ್ದಾರೆ, ಕೆಲವರು ಆಡುವ ಸಾಲಿನಲ್ಲಿದ್ದಾರೆ. ಅವರು ತಯಾರಿಸುವ ಸಾಲಿಗೂ ಬರಬೇಕು. ಹಾಗೆ ಬರಲು ಬೇಕಾದ ಬೇರು ಈ ಜಿಲ್ಲೆಯ ಮಣ್ಣಿನಲ್ಲೇ ಇದೆ.

ಗುಬ್ಬಿಯವರು ಕಟ್ಟಿದ ರಣರಂಗ

ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಅಲ್ಲಿಗೆ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು, ಕಂಪನಿಯ ಹೆಸರನ್ನು ಕನ್ನಡ ನಾಡಿನಾಚೆಗೂ ಒಯ್ದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು 1930ರ ದಶಕದಲ್ಲಿ ಕಂಪನಿ ಆಡಿದಾಗ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಯುದ್ಧವನ್ನು ಮಾತಿನಲ್ಲಿ ವರ್ಣಿಸಿ ಮುಗಿಸಬಹುದಿತ್ತು. ವೀರಣ್ಣನವರಿಗೆ ಅದು ಸಾಲಲಿಲ್ಲ. ಟಿಕೆಟ್ ಕೊಂಡು ಬಂದವನ ಕಣ್ಣೆದುರು ರಣರಂಗವೇ ನಿಲ್ಲಬೇಕೆಂದು ಹಟ ಹಿಡಿದರು.

ಆ ಹಟದ ಹಿಂದೆ ಎಷ್ಟು ಕೆಲಸವಿರುತ್ತದೆ ಎಂಬುದನ್ನು ಯೋಚಿಸಬೇಕು. ಆನೆಯ ಭಾರ ತಡೆಯುವ ವೇದಿಕೆ ಬೇಕು. ಗದ್ದಲಕ್ಕೆ ಬೆದರದಂತೆ ಪಳಗಿದ ಪ್ರಾಣಿಗಳು ಬೇಕು. ದೀಪ, ಪರದೆ, ಸಂಗೀತ ಎಲ್ಲ ಒಂದೇ ಕ್ಷಣಕ್ಕೆ ಕೂಡಬೇಕು. ಏಟು ನಿಜವೆಂದು ಕಾಣಬೇಕು, ಆದರೆ ಯಾರಿಗೂ ಪೆಟ್ಟಾಗಬಾರದು. ಇವತ್ತು ಗೇಮ್ ಕಂಪನಿಯೊಂದರಲ್ಲಿ ಕಥೆ ಬರೆಯುವವರು, ಚಿತ್ರ ಬಿಡಿಸುವವರು, ಚಲನೆ ಕೊಡುವವರು, ಪ್ರೋಗ್ರಾಮ್ ಬರೆಯುವವರು, ಶಬ್ದ ಜೋಡಿಸುವವರು ಸೇರಿ ಮಾಡುವುದು ಇದೇ ಜಾತಿಯ ಕೆಲಸ.

ಹೊಸ ಮಾಧ್ಯಮ ಬಂದಾಗಲೂ ವೀರಣ್ಣನವರು ಹಿಂಜರಿಯಲಿಲ್ಲ. ರಂಗದಿಂದ ಸಿನಿಮಾ ತಯಾರಿಕೆಗೆ ಕಾಲಿಟ್ಟರು. 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಅವರಿದ್ದರು, ರಾಜ್‌ಕುಮಾರ್ ನಾಯಕನಟರಾಗಿ ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಗುಬ್ಬಿ ಕಂಪನಿಯ ಅನ್ನ ಉಂಡವರು. ಸಣ್ಣ ಊರಿನಿಂದ ಹೊರಟ ಒಂದು ತಯಾರಿಕಾ ಸಂಸ್ಥೆ ಒಂದು ಭಾಷೆಯ ಮನರಂಜನೆಯ ದಿಕ್ಕನ್ನೇ ತಿರುಗಿಸಿತು.

ಕಂಪನಿ ನಾಟಕಗಳ ಕಾಲ ಇಳಿದ ಮೇಲೂ ಕಾಳಗ ತೋರಿಸುವ ಪರಂಪರೆ ಇಲ್ಲಿ ನಿಲ್ಲಲಿಲ್ಲ. ಹಳ್ಳಿಯ ರೈತರು, ಮೇಷ್ಟ್ರುಗಳು, ಡ್ರೈವರ್‌ಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಪೌರಾಣಿಕ ನಾಟಕ ಆಡುತ್ತಾರೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಕುರುಕ್ಷೇತ್ರ ಮತ್ತೆ ಮತ್ತೆ ರಂಗಕ್ಕೇರುತ್ತದೆ. ಪ್ರೇಕ್ಷಕ ಇಲ್ಲಿ ಸುಮ್ಮನೆ ಕೂರುವವನಲ್ಲ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಕೂಗುತ್ತಾನೆ. ಹಾಗೆ ಕೂಗಿದಾಗ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿದ್ದುಂಟು. ಸೋತವನು ಮತ್ತೆ ಎದ್ದು ಬರಬಲ್ಲ ಎನ್ನುವುದೇ ಪ್ರದರ್ಶನದ ಕಾಳಗಕ್ಕೂ ನಿಜವಾದ ಯುದ್ಧಕ್ಕೂ ಇರುವ ವ್ಯತ್ಯಾಸ. ಆನ್‌ಲೈನ್ ಆಟವೂ ನಿಂತಿರುವುದು ಅದರ ಮೇಲೆಯೇ.

ತಯಾರಕರು ಅಖಾಡಕ್ಕೆ ಇಳಿದಾಗ

2011ರ ಆಗಸ್ಟ್‌ನಲ್ಲಿ ಜರ್ಮನಿಯ ಕಲೋನ್ ನಗರದ ಗೇಮ್ಸ್‌ಕಾಮ್ ಮೇಳದಲ್ಲಿ ಅಮೆರಿಕದ ವಾಲ್ವ್ ಕಂಪನಿ ಒಂದು ದೊಡ್ಡ ಪಣ ಒಡ್ಡಿತು. ಅದರ ಹೊಸ ಆಟ ‘ಡೋಟಾ 2’ ಇನ್ನೂ ಪೂರ್ತಿ ಬಿಡುಗಡೆಯಾಗಿರಲಿಲ್ಲ. ಜಾಹೀರಾತಿನ ಚಿತ್ರ ತೋರಿಸುವ ಬದಲು ಕಂಪನಿ 16 ತಂಡಗಳನ್ನು ಕರೆಸಿ ಆಡಿಸಿತು, ಅದನ್ನು ಜಗತ್ತಿಗೆಲ್ಲ ನೇರ ಪ್ರಸಾರ ಮಾಡಿತು. ಒಟ್ಟು ಬಹುಮಾನ 16 ಲಕ್ಷ ಡಾಲರ್. ಅದರಲ್ಲಿ 10 ಲಕ್ಷ ಡಾಲರ್ ಗೆದ್ದದ್ದು ಉಕ್ರೇನಿನ ನಾಟುಸ್ ವಿನ್ಸೆರೆ ತಂಡ. ನುರಿತವರು ಜೀವ ಒತ್ತೆಯಿಟ್ಟವರಂತೆ ಆಡಿದರೆ ಆಟದ ಶಕ್ತಿಯೂ ದೌರ್ಬಲ್ಯವೂ ಬಯಲಾಗುತ್ತವೆ. ಎರಡಕ್ಕೂ ಸಿದ್ಧವಾಗಿ ಬಂದದ್ದು ವಾಲ್ವ್‌ನ ದೊಡ್ಡತನ.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಎರಡೇ ದಿನದಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ‘ಫೌಜಿ’ ಘೋಷಣೆಯಾಯಿತು. ಪಬ್ಜಿಯ ಜಾಗ ತುಂಬುವ ದೇಸಿ ಆಟ ಬಂತೆಂದು ಜನ ಕಾದರು. 2021ರ ಗಣರಾಜ್ಯೋತ್ಸವದ ದಿನ ಆಟ ಕೈಗೆ ಸಿಕ್ಕಾಗ ಅದರಲ್ಲಿ ಆಟಗಾರರು ಪರಸ್ಪರ ಎದುರಾಗುವ ಕಾಳಗವೇ ಇರಲಿಲ್ಲ. ಗಾಲ್ವಾನ್ ಕಣಿವೆಯ ಕಥೆಯಲ್ಲಿ ಕಂಪ್ಯೂಟರ್ ನಡೆಸುವ ಶತ್ರುಗಳ ಜೊತೆ ಕೈಕೈ ಮಿಲಾಯಿಸುವುದಷ್ಟೇ ಇತ್ತು. ಆಟಗಾರರು ನಿರಾಶರಾದರು, ಪ್ಲೇ ಸ್ಟೋರ್‌ನಲ್ಲಿ ಅಂಕ ಕುಸಿಯಿತು. ತಂಡ ತಂಡಗಳ ಕಾಳಗ ಅದೇ ವರ್ಷ ತಡವಾಗಿ ಸೇರಿತು. ಆಡಿ ತೋರಿಸದೆ ಆಸೆ ಹುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠ.

ಪುಣೆಯ ಸೂಪರ್‌ಗೇಮಿಂಗ್ ‘ಇಂಡಸ್’ ಆಟಕ್ಕೆ ಬೇರೆ ದಾರಿ ಹಿಡಿಯಿತು. ಬಿಡುಗಡೆಗೆ ಬಹಳ ಮೊದಲೇ ಆಟಗಾರರ, ಸ್ಟ್ರೀಮರ್‌ಗಳ ಕೈಗೆ ಕೊಟ್ಟು ಆಡಿಸಿ, ಅವರು ಹೇಳಿದ್ದನ್ನು ಕೇಳಿಸಿಕೊಂಡಿತು. 2024ರ ಅಕ್ಟೋಬರ್ 16ರಂದು ಆಟ ಬಿಡುಗಡೆಯಾಯಿತು. ಎಲ್ಲರನ್ನೂ ಸೋಲಿಸಿ ಕೊನೆಗೆ ಉಳಿಯುವುದಲ್ಲದೆ, ಕಾಸ್ಮಿಯಂ ಎಂಬ ವಸ್ತುವನ್ನು ವಶಪಡಿಸಿಕೊಂಡೂ ಗೆಲ್ಲುವ ಇನ್ನೊಂದು ದಾರಿಯನ್ನು ಅದರಲ್ಲಿ ಇಟ್ಟಿದ್ದಾರೆ.

ತುಮಕೂರಿನವರ ಕಿವಿ ನಿಮಿರಿಸುವ ಹೆಸರು ಇನ್ನೊಂದಿದೆ. ಬೆಂಗಳೂರಿನ ಸ್ಟುಡಿಯೊ ಸಿರಾ ತಯಾರಿಸಿದ ಆಟ ‘ಕುರುಕ್ಷೇತ್ರ: ಅಸೆನ್ಷನ್’. ಮಹಾಭಾರತದ ವೀರರು ಇಲ್ಲಿ ಕಾರ್ಡುಗಳಾಗಿದ್ದಾರೆ. ಇಬ್ಬರು ಆಟಗಾರರು ತಮ್ಮ ತಮ್ಮ ಕಾರ್ಡುಗಳ ಬಲದಿಂದ ಎದುರುಬದುರಾಗಿ ಸೆಣಸುತ್ತಾರೆ. ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಆನೆ ಕುದುರೆ ತಂದು ತೋರಿಸಿದ ಯುದ್ಧ ಈಗ ಅಂಗೈಗೆ ಬಂದಿದೆ.

ಪರದೆಯ ಹಿಂದಿನ ಲೆಕ್ಕ

ಲೈವ್‌ನಲ್ಲಿ ಚೆಂದ ಕಂಡ ಕಾಳಗ ನಮ್ಮ ಫೋನಿನಲ್ಲಿ ಹಾಗೇಕೆ ಇರುವುದಿಲ್ಲ? ಇದನ್ನು ತಿಳಿಯಲು ತೆರೆಯ ಹಿಂದೆ ಸ್ವಲ್ಪ ಇಣುಕಬೇಕು.

ಮೊದಲನೆಯದು ಸಮಯ. ಒಳ್ಳೆಯ ಫೋನು ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದೊಂದು ಚಿತ್ರ ಸುಮಾರು 17 ಮಿಲಿಸೆಕೆಂಡ್ ನಿಲ್ಲುತ್ತದೆ. ನಮ್ಮ ಬೆರಳಿನ ಆಜ್ಞೆ ದೂರದ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯವನ್ನು ಹುಡುಗರು ಪಿಂಗ್ ಎನ್ನುತ್ತಾರೆ. ಪಿಂಗ್ 100 ಮಿಲಿಸೆಕೆಂಡ್ ಆದರೆ ಆಗಲೇ ಆರು ಚಿತ್ರ ಹಿಂದೆ ಬಿದ್ದಂತೆ. ಎದುರಾಳಿ ಗೋಡೆಯ ಮರೆಗೆ ಸರಿದಿದ್ದರೂ ನಮ್ಮ ಪರದೆಯಲ್ಲಿ ಇನ್ನೂ ಬಯಲಲ್ಲಿ ನಿಂತಿರುತ್ತಾನೆ. ಹಾಗಾಗಿ ಹಲವು ಆಟಗಳ ಸರ್ವರ್ ಕಾಲವನ್ನು ತುಸು ಹಿಂದಕ್ಕೆ ಸರಿಸಿ, ಗುಂಡು ಹಾರಿಸಿದವನಿಗೆ ಆ ಕ್ಷಣ ಏನು ಕಂಡಿತ್ತೋ ಅದರ ಪ್ರಕಾರ ತೀರ್ಪು ಕೊಡುತ್ತದೆ. ‘ಗೋಡೆ ಹಿಂದೆ ಬಂದ ಮೇಲೂ ಹೊಡೆದ, ಮೋಸ’ ಎಂದು ಹುಡುಗರು ಕಿರುಚುವ ಎಷ್ಟೋ ಸಂದರ್ಭಗಳ ಹಿಂದೆ ಇರುವುದು ಈ ಲೆಕ್ಕ.

ಎರಡನೆಯದು ಜೋಡಿ ಕಟ್ಟುವುದು. ಮೈಸೂರು ದಸರಾ ಕುಸ್ತಿಗೆ ಮೊದಲು ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ ಹಿರಿಯರು ಜೋಡಿ ಕಟ್ಟುತ್ತಾರೆ. ಸರಿಯಾದ ಜೋಡಿ ಬೀಳದಿದ್ದರೆ ಕುಸ್ತಿ ನೀರಸ. ಆನ್‌ಲೈನ್ ಆಟದಲ್ಲಿ ಈ ಹಿರಿತನ ಗಣಿತದ್ದು. ಅದರ ಮೂಲ ಚೆಸ್‌ನಲ್ಲಿದೆ: ಹಂಗೇರಿ ಮೂಲದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದರೆ ಕಡಿಮೆ. ಅದೇ ತತ್ವ ರೂಪ ಬದಲಿಸಿಕೊಂಡು ಇಂದಿನ ಆಟಗಳಲ್ಲಿ ಕೆಲಸ ಮಾಡುತ್ತಿದೆ. ಹೊಸಬರು ಸೋತು ಓಡಿಹೋಗದಿರಲೆಂದು ಕೆಲವು ಆಟಗಳ ಆರಂಭದ ಹಂತಗಳಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ನಡೆಸುವ ಎದುರಾಳಿಗಳನ್ನು ತುಂಬಿಸುತ್ತಾರೆ. ಮೊದಲ ವಾರ ಹತ್ತಾರು ಮಂದಿಯನ್ನು ಹೊಡೆದು ಬೀಗಿದ ಹುಡುಗನಿಗೆ ಎದುರಿದ್ದವರಲ್ಲಿ ಮನುಷ್ಯರೆಷ್ಟು ಎಂಬುದು ತಿಳಿದಿರುವುದಿಲ್ಲ.

ಮೂರನೆಯದು ಸಮತೋಲ. ಎಲ್ಲರೂ ಒಂದೇ ಬಂದೂಕು ಹಿಡಿಯಲು ಶುರುಮಾಡಿದರೆ ಆಟ ಸತ್ತಂತೆ. ಆಗ ತಯಾರಕರು ಅದರ ಏಟಿನ ಬಲ ಇಳಿಸುತ್ತಾರೆ, ಇನ್ನೊಂದರದು ಏರಿಸುತ್ತಾರೆ. ಯಾವುದನ್ನು ಎಷ್ಟು ಇಳಿಸಬೇಕೆಂಬುದು ಕಚೇರಿಯಲ್ಲಿ ಕೂತವರಿಗೆ ಪೂರ್ತಿ ಹೊಳೆಯುವುದಿಲ್ಲ. ನುರಿತ ಸ್ಟ್ರೀಮರ್ ಎದುರು ಕೂತು ಆಡಿದಾಗ ಅವರು ಬರೆದ ನಿಯಮದ ಸಂದುಗಳೆಲ್ಲ ಕಾಣುತ್ತವೆ. ತಯಾರಕರು ತಾವೇ ಆಡಿ ತೋರಿಸುವುದಕ್ಕೆ ಬೆಲೆ ಬರುವುದು ಇಲ್ಲಿ.

ಇಂಥ ಪ್ರದರ್ಶನ ಒಂದೇ ಕೋಣೆಯಲ್ಲಿ, ವೇಗದ ಜಾಲದಲ್ಲಿ, ದುಬಾರಿ ಫೋನುಗಳಲ್ಲಿ ನಡೆದರೆ ನಮ್ಮ ಹುಡುಗರಿಗೆ ಅರ್ಧ ಸತ್ಯ ಮಾತ್ರ ಕಾಣುತ್ತದೆ. ಹುಲಿಯೂರುದುರ್ಗದ ಸಿಗ್ನಲ್‌ನಲ್ಲಿ, ಹತ್ತು ಸಾವಿರ ರೂಪಾಯಿಯ, ಅರ್ಧ ಗಂಟೆಗೆ ಬಿಸಿಯೇರುವ ಫೋನಿನಲ್ಲಿ ಈ ಕಾಳಗ ಹೇಗಿರುತ್ತದೆ? ಸ್ಟ್ರೀಮರ್‌ಗಳು ತಯಾರಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಕನ್ನಡದಲ್ಲಿ ಲೈವ್ ಮಾಡುವವರು ಇದನ್ನು ಕೇಳಿದರೆ ನಮ್ಮ ಹಳ್ಳಿಯ ಹುಡುಗರ ಪರವಾಗಿ ಮಾತಾಡಿದಂತಾಗುತ್ತದೆ.

ತೊಡೆಗೆ ಬಿದ್ದ ಏಟು

ಇಬ್ಬರ ನಡುವಿನ ಒಂದು ಕಾಳಗವನ್ನೇ ಕೇಂದ್ರವಾಗಿಟ್ಟು ಇಡೀ ಮಹಾಭಾರತದ ಕಥೆಯನ್ನು ಹಿಂತಿರುಗಿ ನೋಡಿದ ಕವಿ ನಮ್ಮ ರನ್ನ. ಹತ್ತನೆಯ ಶತಮಾನದ ‘ಗದಾಯುದ್ಧ’ದಲ್ಲಿ ಅವನು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದ. ಹಾಗಿದ್ದೂ ಓದುಗನ ಮನಸ್ಸಿನಲ್ಲಿ ದುರ್ಯೋಧನ ಎತ್ತರಕ್ಕೆ ನಿಲ್ಲುತ್ತಾನೆ. ಅನ್ನ ಕೊಟ್ಟವನನ್ನು ಹೊಗಳುತ್ತಲೇ ಎದುರಾಳಿಯ ಹಿರಿಮೆಯನ್ನು ಮರೆಮಾಚದ ಆ ಪ್ರಾಮಾಣಿಕತೆ, ಕಂಪನಿಯಿಂದ ಹಣ ಪಡೆದು ಆಟ ತೋರಿಸುವ ಇಂದಿನ ಸ್ಟ್ರೀಮರ್‌ಗಳಿಗೆ ಬೇಕಾದ ಗುಣ. ದುಡ್ಡು ಪಡೆದಿದ್ದರೆ ಪಡೆದೆ ಎಂದು ಹೇಳಬೇಕು; ಆಟದ ಕೊರತೆಯನ್ನೂ ತೋರಿಸಬೇಕು.

ಗದಾಯುದ್ಧದ ನಿಯಮದಂತೆ ನಾಭಿಯ ಕೆಳಗೆ ಹೊಡೆಯಬಾರದು. ಭೀಮ ತೊಡೆಗೆ ಹೊಡೆದ. ಅಲ್ಲಿ ಬಲರಾಮನಿದ್ದ. ಇಬ್ಬರಿಗೂ ಗದೆ ಕಲಿಸಿದವನು ಅವನೇ. ನಿಯಮ ಮುರಿದದ್ದನ್ನು ಸಹಿಸಲಾಗದೆ ನೇಗಿಲೆತ್ತಿ ನಿಂತ. ಆಟ ತಯಾರಿಸುವವರ ಸ್ಥಾನ ಬಲರಾಮನದು. ಎರಡೂ ಕಡೆಯವರ ಕೈಗೆ ಆಯುಧ ಕೊಟ್ಟವರು ಅವರು. ತಾನಾಗಿಯೇ ಗುರಿ ಹಿಡಿಯುವ, ಗೋಡೆಯಾಚೆಗೂ ಕಾಣಿಸುವ ಕಳ್ಳ ತಂತ್ರಾಂಶ ಬಳಸುವ ಹ್ಯಾಕರ್‌ಗಳನ್ನು ಕಂಡಾಗ ಕೋಪ ಬರಬೇಕಾದವರೂ ಅವರೇ. ಕಣ್ಣು ಕುಕ್ಕುವ ಹೊಸ ಆಯುಧ ತೋರಿಸುವಷ್ಟೇ ಉತ್ಸಾಹದಿಂದ, ಮೋಸಗಾರರನ್ನು ಹೇಗೆ ಹಿಡಿಯುತ್ತೇವೆ ಎಂಬುದನ್ನೂ ತೋರಿಸುವ ಕಂಪನಿಯನ್ನು ನಂಬಬಹುದು.

ದುಡ್ಡಿನ ವಿಷಯವೂ ನಿಯಮದ ವಿಷಯವೇ. ಪೌರಾಣಿಕ ನಾಟಕದಲ್ಲಿ ಪಾತ್ರಕ್ಕೆ ಇಂತಿಷ್ಟೆಂದು ಪಾತ್ರಧಾರಿಯೇ ಹಣ ಹಾಕುತ್ತಾನೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಕಿರೀಟ, ಭುಜಕೀರ್ತಿ, ಗದೆ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಆದರೆ ಕಂದ ಪದ್ಯವನ್ನು ಕಲಿತೇ ಹಾಡಬೇಕು. ಆನ್‌ಲೈನ್ ಆಟದಲ್ಲಿ ಉಡುಪು, ಬಣ್ಣ, ಬಂದೂಕಿನ ಸ್ಕಿನ್‌ಗೆ ದುಡ್ಡು ಕೊಡುವುದು ಕಿರೀಟ ಬಾಡಿಗೆಗೆ ತಂದಂತೆ. ಆಟದ ನ್ಯಾಯಕ್ಕೆ ಧಕ್ಕೆಯಿಲ್ಲ. ದುಡ್ಡು ಕೊಟ್ಟವನ ಏಟಿಗೆ ಹೆಚ್ಚು ಬಲ ಬಂದರೆ ಅದು ತೊಡೆಗೆ ಬಿದ್ದ ಏಟು.

ಮನೆಯೂ ಕಾನೂನೂ

ತಂದೆತಾಯಂದಿರ ಆತಂಕ ಸುಳ್ಳಲ್ಲ. ನಿದ್ದೆ ಕೆಟ್ಟ ಮಗು ಮಾರನೆಯ ದಿನ ತರಗತಿಯಲ್ಲಿ ತೂಕಡಿಸುತ್ತದೆ. ಪಬ್ಜಿಯ ಜಾಗಕ್ಕೆ 2021ರ ಜುಲೈನಲ್ಲಿ ಬಂದ ಬಿಜಿಎಂಐ ಆಟವನ್ನು 2022ರ ಜುಲೈನಲ್ಲಿ ಆ್ಯಪ್ ಮಳಿಗೆಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಅದು ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿಯಿತ್ತು. 3 ಗಂಟೆಯೂ ಶಾಲೆಗೆ ಹೋಗುವ ಮಗುವಿಗೆ ಹೆಚ್ಚೇ. ಗಡಿ ಹಾಕಬೇಕಾದದ್ದು ಮನೆಯವರು. ಫೋನು ಕಿತ್ತುಕೊಳ್ಳುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ‘ಏನಪ್ಪ ಇದು, ಯಾರು ಯಾರ ಕಡೆ?’ ಎಂದು ಕೇಳಿ ನೋಡಿದರೆ ಗಡಿ ಹಾಕುವ ಮಾತಿಗೆ ತೂಕ ಬರುತ್ತದೆ.

ಜೂಜನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಸ್ಟ್ರೀಮರ್ ಆಗಬೇಕೆಂದು ಕನಸು ಕಾಣುವ ಹುಡುಗ, ಹುಡುಗಿಯರು ಈ ಎರಡನೆಯ ಸಾಲನ್ನು ಮರೆಯಬಾರದು.

ತಯಾರಿಸುವ ಸಾಲಿಗೆ

ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಆ್ಯನಿಮೇಷನ್ ಮತ್ತು ಗೇಮಿಂಗ್‌ಗಾಗಿ ದೇಶದಲ್ಲೇ ಮೊದಲು ನೀತಿ ರೂಪಿಸಿದ್ದು ಕರ್ನಾಟಕ, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ದಿನವೂ ರೈಲಿನಲ್ಲಿ ಹೋಗಿಬರುವವರಿದ್ದಾರೆ. ತುಮಕೂರು 1963ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಂಡ ಊರು. ಗೊಡೊ ಎಂಬ ಗೇಮ್ ಎಂಜಿನ್ ಪೂರ್ತಿ ಉಚಿತ. ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಡ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಸಾಮಗ್ರಿಯಂತೂ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ, ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ಕುದುರೆಯ ನಡಿಗೆ, ನಾಗಾಲೋಟ, ಕತ್ತಿನ ತಿರುವನ್ನು ಪರದೆಗೆ ತರಬೇಕಾದವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ಅದೇ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳನ್ನು 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಹಿಡಿದದ್ದು ಇತಿಹಾಸ. ಒಂದಾದ ಮೇಲೊಂದು ಬಾಗಿಲು ದಾಟಿ ಏರುವ ಹುತ್ರಿದುರ್ಗದ ಬಂಡೆ, ಗೋಡೆ, ತಿರುವುಗಳನ್ನು ನೋಡಿದರೆ ಮರೆ ನಿಲ್ಲುವುದು, ಎತ್ತರ ಹಿಡಿಯುವುದು, ಸುತ್ತುವರಿಯುವುದು ಎಂದರೇನೆಂದು ಯಾವ ಆಟಗಾರನಿಗೂ ತಿಳಿಯುತ್ತದೆ. ಪಬ್ಜಿ ಆಟದ ಎರಾಂಗೆಲ್ ಎಂಬ ಕಾಲ್ಪನಿಕ ದ್ವೀಪದ ಮೂಲೆ ಮೂಲೆಯನ್ನೂ ಬಲ್ಲ ಹುಡುಗರು ತಮ್ಮ ತಾಲ್ಲೂಕಿನ ದುರ್ಗವನ್ನೂ ಅಷ್ಟೇ ಚೆನ್ನಾಗಿ ಬಲ್ಲವರಾಗಬೇಕು, ಅದನ್ನು ಆಟದ ನೆಲವಾಗಿ ಕಟ್ಟಬೇಕು.

ಇದಕ್ಕೆ ಮೊದಲ ಹೆಜ್ಜೆ ದೊಡ್ಡದೇನಲ್ಲ. ಒಂದು ಕಾಲೇಜಿನ ಕಂಪ್ಯೂಟರ್ ವಿದ್ಯಾರ್ಥಿಗಳು, ಚಿತ್ರಕಲೆ ಬಲ್ಲ ಇಬ್ಬರು, ಭೀಮ–ದುರ್ಯೋಧನರ ಪಾತ್ರ ಕಟ್ಟಿ ನುರಿತ ಹಳ್ಳಿಯ ಕಲಾವಿದರು, ಒಬ್ಬ ಹಾರ್ಮೋನಿಯಂ ಮೇಷ್ಟ್ರು ಒಂದೆಡೆ ಸೇರಲಿ. ಗದೆ ಬೀಸುವಾಗ ಭುಜ ಎಲ್ಲಿ ತಿರುಗುತ್ತದೆ, ಕಾಲು ಎಲ್ಲಿ ಊರುತ್ತದೆ ಎಂಬುದನ್ನು ಕಲಾವಿದರ ಮೈಯಿಂದಲೇ ಕಲಿತು ಇಬ್ಬರು ಆಡುವ ಪುಟ್ಟದೊಂದು ಗದಾಯುದ್ಧದ ಆಟ ತಯಾರಿಸಲಿ. ನಾಭಿಯ ಕೆಳಗೆ ಹೊಡೆದವನಿಗೆ ಆಟ ಏನು ಶಿಕ್ಷೆ ಕೊಡಬೇಕೆಂದು ಅವರೇ ಕೂತು ಚರ್ಚಿಸಲಿ. ಆಮೇಲೆ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ರಂಗದ ಮೇಲೆ ದೊಡ್ಡ ಪರದೆ ಕಟ್ಟಿ, ತಯಾರಿಸಿದವರೇ ಊರಿನ ಆಟಗಾರರ ಎದುರು ಕೂತು ಆಡಿ ತೋರಿಸಲಿ, ಕನ್ನಡದ ಸ್ಟ್ರೀಮರ್‌ಗಳು ವಿವರಣೆ ಕೊಡಲಿ. ಸಭೆಯಲ್ಲಿ ಕೂತ ಹಿರಿಯರು ತಪ್ಪು ಕಂಡಲ್ಲಿ ಎದ್ದು ಹೇಳುತ್ತಾರೆ. ಅಷ್ಟು ಕಾಳಗ ನೋಡಿದವರು ಅವರು. ಆ ಟೀಕೆಯನ್ನು ಬರೆದುಕೊಂಡು ಮುಂದಿನ ಆವೃತ್ತಿ ತಿದ್ದಿದ ದಿನ ಈ ಜಿಲ್ಲೆ ಮತ್ತೆ ತಯಾರಕರ ಜಿಲ್ಲೆಯಾಗುತ್ತದೆ.